ಕೈ ಅಡ್ಡ ಬಂದ ಫಿಲ್ಮು

ಬಸವಕಲ್ಯಾಣ
೬-೧೧-೧೯೭೯

ಹುಮನಾಬಾದಿನಲ್ಲಿರುವ ಅಣ್ಣ ಬಕ್ಕಪ್ಪನಿಗೆ ತಂಗಿ ಸೂಗಮ್ಮ ಕೈಮುಗಿದು ಬರೆಯುವುದು.

ನನ್ನ ಸೊಂಟದ ನೋವು ಈಗ ಬಹಳ ಕಡಿಮೆ. ದಸರೆಯಾದ ಮೇಲೆ ಮಾಳಿಗೆಯ ಮೆಟ್ಟಿಲಿಂದ ಜಾರಿ ಬಿದ್ದವಳು ಇಂದಿನವರೆಗೆ ಮಾಳಿಗೆ ಹತ್ತಿಲ್ಲ. ಎಲುಬು ಮುರಿದಿಲ್ಲವೆಂದು ನೀನು ನಿಮ್ಮ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದು ತೋರಿಸಿದ್ದರಿಂದ ಎಲ್ಲರಿಗೂ ಸಮಾಧಾನವಾಯಿತು. ಅತ್ತೆಯವರು ದಿನಾ ಎಣ್ಣೆ ತಿಕ್ಕಿಸಿ ಬಿಸಿನೀರು ಹಾಕಿಸುತ್ತಾರೆ.

ಇನ್ನೊಂದು ಸುದ್ದಿ. ಮೊನ್ನೆ ಸೂಲಗಿತ್ತಿ ತುಳಜಾಬಾಯಿ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಮೂರು ತಿಂಗಳು ತುಂಬಿದೆ ಎಂದಳು. ಬಿದ್ದ ನೋವಿನ ಗದ್ದಲದಲ್ಲಿ ನನಗೇ ಗೊತ್ತಾಗಿರಲಿಲ್ಲ ಎಂದೆ. ಎಲ್ಲರೂ ನಕ್ಕರು. ಹಿಂದಿನ ಎರಡು ಸಲ ಆದದ್ದು ನಿನಗೆ ಗೊತ್ತೇ ಇದೆ. ಈ ಸಲ ಕಲ್ಯಾಣದ ಬಸವಣ್ಣ ಕೈಬಿಡಲಾರ. ತವರಲ್ಲಿ ಅವ್ವ ಇಲ್ಲದ್ದರಿಂದ ಬಾಣಂತನ ಇಲ್ಲೇ ಎಂದು ಮಾತಾಗಿದೆ. ಮೇ ತಿಂಗಳಿಗೆ ನೀನು ಸೋದರಮಾವ.

ನಿನ್ನ ತಂಗಿ,
ಸೂಗಮ್ಮ

ತಾ.ಕ. (ಸೂಗಮ್ಮನ ಗಂಡನ ಅಕ್ಷರದಲ್ಲಿ): ಬಕ್ಕಪ್ಪನವರಿಗೆ ಮಹಾರುದ್ರಪ್ಪನ ಶರಣು. ಈ ಕಾಗದವನ್ನು ಅವ್ವನ ಮುಂದೆ ಓದಿಯೇ ಡಬ್ಬಿಗೆ ಹಾಕುತ್ತಿದ್ದೇನೆ. ನಿಮ್ಮ ಉತ್ತರ ಎಂದಿನಂತೆ ಅಂಗಡಿಯ ವಿಳಾಸಕ್ಕೆ ಬರಲಿ. ಅವ್ವ ಕೇಳಲು ಕಾದಿರುತ್ತಾಳೆ.


ಹುಮನಾಬಾದ್
೯-೧೧-೧೯೭೯

ಅಮೃತ,

ಆರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನೀನು ಈ ಲಕೋಟೆ ಹರಿದು ಹಾಕಿದರೂ ನನ್ನದೇನೂ ತಕರಾರಿಲ್ಲ. ನಿನ್ನ ಮುಂಬಯಿ ವಿಳಾಸ ಕೇಳಲು ನಿನ್ನೆ ಬೇಮಳಖೇಡಕ್ಕೆ ಹೋಗಿದ್ದೆ. ನಿನ್ನ ಅಪ್ಪ ಪಂಡರಿ ಕಾಕಾ ಕುರಿಹಟ್ಟಿಯಲ್ಲಿದ್ದ. ನನ್ನನ್ನು ಮನೆಯೊಳಗೆ ಕರೆದು, ಕಂಬಳಿ ಹಾಸಿ ಕೂಡಿಸಿ, ಹಾಲು ಕೊಟ್ಟ. ಸೂಗಮ್ಮನ ಮದುವೆಯಲ್ಲಿ ನಮ್ಮವರು ಜಾತಿ ನೋಡಿ ನಿನಗೆ ಅಂಗಳದಲ್ಲಿ ಬೇರೆ ಎಲೆ ಹಾಕಿದಾಗ, ನಿನ್ನ ಜೊತೆಗೇ ಶಾಲೆ ಕಲಿತ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಆ ಹಾಲು ಕುಡಿಯುವಾಗ ಅದೇ ನೆನಪಾಯಿತು.

ಈಗ ನನಗೆ ಬಂದ ಸಂಕಟ ಕೇಳು. ಅಕ್ಟೋಬರ್ ಐದಕ್ಕೆ ಸೂಗಮ್ಮನ ಸೊಂಟದ ಎಕ್ಸ್‌ರೇ ತೆಗೆದೆ. ಅವಳಿಗೆ ಆಗ ಎರಡು ತಿಂಗಳಾಗಿತ್ತೆಂದು ಈಗ ತಿಳಿಯಿತು. ಬೇರೆ ಹೆಂಗಸರು ಬಂದರೆ ಗೋಡೆಯ ಕಡೆ ಮುಖ ಮಾಡಿಯಾದರೂ "ತಿಂಗಳ ಸರಿ ಅದ ಏನ್ರಿ?" ಎಂದು ಕೇಳುತ್ತೇನೆ. ಒಡಹುಟ್ಟಿದ ತಂಗಿಯನ್ನು, ಅವಳ ಅತ್ತೆ ಬಾಗಿಲ ಬೆಂಚಿನ ಮೇಲೆ ಕೂತಿರುವಾಗ, ಅಣ್ಣನಾದವನು ಅದನ್ನು ಹೇಗೆ ಕೇಳಲಿ? ನಾಚಿಕೆಯಾಯಿತು. ಕೇಳದೆ ಗುಂಡಿ ಒತ್ತಿದೆ.

ನಮ್ಮ ಡಾಕ್ಟರ್ ಸಾಹೇಬರಿಗೆ ಹೇಳಿದೆ. "ಐದು ತಿಂಗಳದೊಳಗ ಅದ ಅಂದ್ರ ತೆಗೆಸಿಬಿಡಂತ ಹೇಳು. ಹೆಂಗೆಂಗೋ ಹುಟ್ಟಿದ್ರ ಯಾರು ನೋಡ್ತಾರ?" ಎಂದು ಮುಂದಿನ ಪೇಷಂಟನ್ನು ಕರೆದರು. ಎರಡು ಕೂಸು ಕಳೆದುಕೊಂಡವಳಿಗೆ ಮೂರನೆಯದನ್ನು ತೆಗೆಸು ಎನ್ನಲೇ? ಅನ್ನದೆ ಬಿಟ್ಟು, ನಾಳೆ ಕಣ್ಣಿಲ್ಲದ್ದೋ ಕೈಯಿಲ್ಲದ್ದೋ ಹುಟ್ಟಿದರೆ? ಡಾಕ್ಟರರ ಲೆಕ್ಕದಲ್ಲಿ ಐದು ತಿಂಗಳೆಂದರೆ ಇಪ್ಪತ್ತು ವಾರ, ಅದು ತುಂಬಲು ಇನ್ನು ಆರು ವಾರವಷ್ಟೇ ಇದೆ.

ನೀನು ದಿನಬೆಳಗಾದರೆ ಜೀವಕೋಶಗಳ ಮೇಲೆ ಇದೇ ಕಿರಣ ಬಿಟ್ಟು ನೋಡುವವನು ಎಂದು ಕಾಕಾ ಹೇಳಿದ. ಯಂತ್ರದ ವಿವರವನ್ನೆಲ್ಲ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಮೂರು ಫಿಲ್ಮು ತೆಗೆದೆ. ನನಗೆ ಉತ್ತರ ಕೊಡುವ ಮನಸ್ಸಿಲ್ಲದಿದ್ದರೆ ಅವಳ ಮುಖ ನೋಡಿ ಕೊಡು.

ಬಕ್ಕಪ್ಪ


ಹುಮನಾಬಾದ್
೧೨-೧೧-೧೯೭೯

ಚಿರಂಜೀವಿ ಸೂಗಮ್ಮನಿಗೆ ಅಣ್ಣನ ಹರಕೆ.

ನಿನ್ನ ಕಾಗದ ಮುಟ್ಟಿತು. ಬಹಳ ಸಂತೋಷವಾಯಿತು. ದವಾಖಾನೆಯಲ್ಲಿ ಎಲ್ಲರಿಗೂ ಪೇಢೆ ಹಂಚಿದೆ. ಊಟ ಸರಿಯಾಗಿ ಮಾಡು. ಮೆಟ್ಟಿಲು ಹತ್ತಬೇಡ. ಹೊಟ್ಟೆನೋವು ಏನಾದರೂ ಬಂದರೆ ತಡಮಾಡದೆ ತಿಳಿಸು. ಬರುವುದಿಲ್ಲ, ಸುಮ್ಮನೆ ಬರೆದೆ.

ನಮ್ಮ ಆಯಾ ವಜೀರಬಿ ಈ ತಿಂಗಳ ಕೊನೆಗೆ ಕಲ್ಯಾಣದಲ್ಲಿರುವ ತನ್ನ ಮಗಳು ಅಕ್ಬರಿಯ ಮನೆಗೆ ಬರುವವಳಿದ್ದಾಳೆ. ನಿನಗೆ ಮೆಂತ್ಯದುಂಡೆ ಕೊಟ್ಟು ಕಳಿಸುತ್ತೇನೆ. ಡಬ್ಬಿಯನ್ನು ನೀನೇ ಒಡೆದುಕೋ.

ಮಹಾರುದ್ರಪ್ಪನವರಿಗೂ ಅವರ ತಾಯಿಯವರಿಗೂ ಶರಣು.

ನಿನ್ನ ಅಣ್ಣ,
ಬಕ್ಕಪ್ಪ


ಮುಂಬಯಿ
೨೩-೧೧-೧೯೭೯

ಬಕ್ಕಪ್ಪ,

ಲಕೋಟೆ ಹರಿದು ಹಾಕಲಿಲ್ಲ. ಎರಡು ದಿನ ಒಡೆಯಲೂ ಇಲ್ಲ. ಅಂಗಳದ ಎಲೆ ನನಗೆ ನೆನಪಿದೆ. ಮದುಮಗಳಾಗಿದ್ದ ಸೂಗಮ್ಮ ಬಾಸಿಂಗ ಕಟ್ಟಿಕೊಂಡೇ ಹೊರಗೆ ಬಂದು, "ಅಮೃತಣ್ಣಾ, ಇನ್ನೊಂದು ಹೋಳಿಗಿ" ಎಂದು ಬಡಿಸಿ ಹೋದದ್ದೂ ನೆನಪಿದೆ. ಈ ಉತ್ತರ ಅವಳಿಗೆ.

ಮೂರು ಫಿಲ್ಮು ಎಂದು ಬರೆದಿದ್ದೀ. ನಾನು ಐದು ಎಂದು ಹಿಡಿದೆ. ಶಾಲೆಯ ಕಿಟಕಿ ಗಾಜು ಒಡೆದಾಗಲೂ ನೀನು ಅರ್ಧ ತಪ್ಪು ಒಪ್ಪಿಕೊಂಡವನು. ನಿಮ್ಮ ಹಳೆಯ ಯಂತ್ರ, ನಿಮ್ಮೂರ ಕರೆಂಟು, ಎಲ್ಲವನ್ನೂ ಕೆಟ್ಟದ್ದೆಂದೇ ಹಿಡಿದರೂ ಕೂಸಿಗೆ ತಾಕಿದ್ದು ಎರಡರಿಂದ ಮೂರು ರ್‍ಯಾಡ್. ಅದು ಈ ಕಿರಣವನ್ನು ಅಳೆಯುವ ಅಳತೆ. ಹತ್ತು ದಾಟಿದರೆ ಬಸಿರು ತೆಗೆಸುವ ಮಾತು ಬರುತ್ತದೆ. ಐದರೊಳಗಿದ್ದರೆ ಆ ಮಾತು ಎತ್ತಬೇಕಾಗಿಲ್ಲ ಎಂದು ಇದನ್ನು ಓದಿಕೊಂಡವರು ಹೇಳುತ್ತಾರೆ. ಇಲ್ಲಿಯ ಹಿರಿಯರೊಬ್ಬರಿಗೂ ತೋರಿಸಿದೆ, ಅವರೂ ಅದನ್ನೇ ಹೇಳಿದರು.

ಒಳಗೆ ಆಗುವುದು ಏನೆಂದರೆ, ಕಿರಣವು ಜೀವಕೋಶದಲ್ಲಿರುವ ಡಿಎನ್‌ಎ ಎಂಬ ಉದ್ದನೆಯ ದಾರವನ್ನು ಕಡಿಯುತ್ತದೆ. ಮೂಗು ಹೇಗಿರಬೇಕು, ಬೆರಳು ಎಷ್ಟಿರಬೇಕು, ಎಲ್ಲ ಆ ದಾರದಲ್ಲಿದೆ. ದಾರಕ್ಕೆ ಎರಡು ಎಳೆ. ಒಂದು ಎಳೆ ಕಡಿದರೆ ಜೀವಕೋಶ ಎದುರಿನ ಎಳೆಯನ್ನು ನೋಡಿಕೊಂಡು ಕಡಿದ ಜಾಗವನ್ನು ಮೊದಲಿನ ಹಾಗೆ ಕಟ್ಟಿಕೊಳ್ಳುತ್ತದೆ. ಇದು ದಿನಾ ನಡೆಯುವ ಕೆಲಸ, ನಿನ್ನಲ್ಲೂ ನನ್ನಲ್ಲೂ. ಎರಡೂ ಎಳೆ ಒಂದೇ ಕಡೆ ಕಡಿದರೆ ಕೆಲಸ ಕಷ್ಟ. ಆಗ ಜೀವಕೋಶ ಒಂದು ಎರಡಾಗುವುದನ್ನು ನಿಲ್ಲಿಸಿ ರಿಪೇರಿಗೆ ಕೂರುತ್ತದೆ. ಆಗಲೇ ಇಲ್ಲವೆಂದರೆ ಸಾಯುತ್ತದೆ, ಅದರ ಜಾಗವನ್ನು ಪಕ್ಕದವು ತುಂಬುತ್ತವೆ. ಹೆದರಬೇಕಾದದ್ದು ರಿಪೇರಿ ತಪ್ಪಾಗಿಯೂ ಸಾಯದೆ ಉಳಿದ ಜೀವಕೋಶಕ್ಕೆ. ಅದು ತಪ್ಪನ್ನೇ ಹೊತ್ತುಕೊಂಡು ಒಂದಕ್ಕೆರಡಾಗುತ್ತ ಹೋಗುತ್ತದೆ.

ನಾನು ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಮೇಲೆ ಕೆಲಸ ಮಾಡುತ್ತೇನೆ. ಒಂದೇ ಸಲಕ್ಕೆ ಕಿರಣ ಬಿಟ್ಟರೆ ಬಹಳಷ್ಟು ಸಾಯುತ್ತವೆ. ಅಷ್ಟನ್ನೇ ಎರಡು ಪಾಲು ಮಾಡಿ, ನಡುವೆ ಕೆಲವು ತಾಸು ಬಿಟ್ಟು ಕೊಟ್ಟರೆ ಹೆಚ್ಚು ಬದುಕುತ್ತವೆ. ಆ ಬಿಡುವಿನಲ್ಲಿ ಯಾರೂ ನೋಡದಂತೆ ಅವು ಹರಿದದ್ದನ್ನು ಹೊಲಿದುಕೊಂಡಿರುತ್ತವೆ. ರಿಪೇರಿ ಬಾರದ ಒಂದು ತಳಿಯೂ ನಮ್ಮಲ್ಲಿದೆ. ಅದು ಸ್ವಲ್ಪಕ್ಕೇ ಸಾಯುತ್ತದೆ.

ಏನೂ ಆಗುವುದಿಲ್ಲ ಎಂದು ನಾನು ಬರೆದುಕೊಡಲಾರೆ. ಹೊಟ್ಟೆಯಲ್ಲಿದ್ದಾಗ ಎಕ್ಸ್‌ರೇ ತಾಕಿದ ಮಕ್ಕಳಲ್ಲಿ ಸಾವಿರಕ್ಕೋ ಎರಡು ಸಾವಿರಕ್ಕೋ ಒಂದು ಮಗು ಹೆಚ್ಚಾಗಿ, ಮುಂದಿನ ಹತ್ತು ವರ್ಷದೊಳಗೆ, ರಕ್ತದ ಕ್ಯಾನ್ಸರಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದವರಿದ್ದಾರೆ. ಇದನ್ನು ನುಂಗಿಕೊಂಡು ಮಿಕ್ಕದ್ದನ್ನಷ್ಟೇ ಅವಳಿಗೆ ಹೇಳಬೇಡ. ಬಸಿರು ಅವಳದು. ತೆಗೆಸುವುದೋ ಇಡುವುದೋ ಅವಳೇ ಹೇಳಲಿ.

ಮೈಗೆ ಎಷ್ಟು ಕಿರಣ ತಾಕಿತೆಂದು ತಿಳಿಯಲು ನೀವು ಎದೆಗೆ ಹಾಕಿಕೊಳ್ಳಬೇಕಾದ ಬಿಲ್ಲೆ ಒಂದಿರುತ್ತದೆ. ಹೊಲಸಾಗುತ್ತದೆಂದು ಅದನ್ನು ಗೂಟಕ್ಕೆ ನೇತುಹಾಕಿರುತ್ತೀ. ಹಾಕಿಕೋ.

ಅಮೃತ


ಹುಮನಾಬಾದ್
೨೯-೧೧-೧೯೭೯
(ವಜೀರಬಿಯ ಕೈಯಲ್ಲಿ, ಮೆಂತ್ಯದುಂಡೆಯ ಕೆಳಗೆ)

ಸೂಗಾ,

ಇದನ್ನು ಒಬ್ಬಳೇ ಓದು. ಓದಿದ ಮೇಲೆ ಒಲೆಗೆ ಹಾಕು.

ಆ ದಿನ ನಿನ್ನನ್ನು ಮಲಗಿಸಿ ಎಕ್ಸ್‌ರೇ ತೆಗೆದಾಗ ಕೂಸು ಹೊಟ್ಟೆಯಲ್ಲಿತ್ತು. ಆ ಕಿರಣ ಅದಕ್ಕೂ ತಾಕಿದೆ. ಅಮೃತನಿಗೆ ಬರೆದು ಕೇಳಿದೆ. ಅವನ ಕಾಗದವನ್ನೇ ಇದರೊಳಗಿಟ್ಟಿದ್ದೇನೆ. ನನ್ನ ಬಾಯಿಂದ ಹೇಳಿದರೆ ಸಿಹಿ ಬೆರೆಸಿಬಿಡುತ್ತೇನೆ, ಆದ್ದರಿಂದ ಅವನ ಮಾತಲ್ಲೇ ಓದಿಕೋ. ಅವನು ಹೇಳಿದ್ದು ನಿಜ. ಐದು ಫಿಲ್ಮು. ಮೊದಲನೆಯದು ಕರೆಂಟು ಇಳಿದು ಕೆಟ್ಟಿತು. ಎರಡನೆಯದರಲ್ಲಿ ನಿನ್ನ ಕೈ ಅಡ್ಡ ಬಂದಿತ್ತು. ಆಮೇಲೆ ಮೂರು ಸರಿ ಬಂದವು. ಕೆಟ್ಟದ್ದನ್ನು ಡಾಕ್ಟರ್ ಸಾಹೇಬರಿಗೆ ಕಾಣದಂತೆ ನನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ.

ತೆಗೆಸುವುದಿದ್ದರೆ ಡಿಸೆಂಬರ್ ಇಪ್ಪತ್ತರ ಒಳಗೆ ಆಗಬೇಕು. ಸೊಂಟವನ್ನು ಮತ್ತೆ ತೋರಿಸಬೇಕೆಂದು ನೆಪ ಹೇಳಿ ಇಲ್ಲಿಗೆ ಕರೆಸುತ್ತೇನೆ. ಮನೆಯವರಿಗೆ ಹೇಳಬೇಕೆಂದರೆ ನಾನೇ ಬಂದು ನಿನ್ನ ಅತ್ತೆಯ ಮುಂದೆ ತಲೆ ಬಗ್ಗಿಸಿ ಹೇಳುತ್ತೇನೆ.

ನನಗೆ ಬಹಳ ಹೆದರಿಕೆಯಾಗಿದೆ, ತಂಗಿ. ಗುಂಡಿ ಒತ್ತಿದಾಗ ಆಗುವ ಸದ್ದು ಊಟಕ್ಕೆ ಕೂತರೂ ಕೇಳುತ್ತದೆ. ಒಂದು ಮಾತು ಕೇಳದ್ದಕ್ಕೆ ನಿನಗೆ ಇಷ್ಟು ದೊಡ್ಡ ಕಷ್ಟ ತಂದಿಟ್ಟೆ.

ನಿನ್ನ ಅಣ್ಣ,
ಬಕ್ಕಪ್ಪ


ಬಸವಕಲ್ಯಾಣ
೪-೧೨-೧೯೭೯
(ವಜೀರಬಿಯ ಕೈಯಲ್ಲಿ)

ಅಣ್ಣಾ,

ನಿನ್ನ ಕಾಗದ ಒಲೆಗೆ ಹಾಕಿದೆ. ಅಮೃತಣ್ಣನದನ್ನು ಹಾಕಲು ಮನಸ್ಸಾಗಲಿಲ್ಲ. ಕೌದಿಯ ಎರಡು ಪದರಿನ ನಡುವೆ ಇಟ್ಟು ಹೊಲಿದಿದ್ದೇನೆ. ಅತ್ತೆಯವರು ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. "ಇಷ್ಟ್ಯಾಕ ಒತ್ತೊತ್ತಿ ಹೊಲಿಯಾಕತ್ತೀ?" ಎಂದರು. "ಕೂಸಿಗಿ ಬೆಚ್ಚಗ ಇರಲಿ ಅಂತ್ರಿ" ಎಂದೆ.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ಸಾವಿರಕ್ಕೆ ಒಂದು ಎಂದಿದ್ದಾನೆ. ಆ ಒಂದು ಯಾರದೋ ಮನೆಯಲ್ಲಿ ಇರಲೇಬೇಕಲ್ಲ. ನಮ್ಮದೇ ಯಾಕಾಗಬಾರದು ಎಂದು ಒಂದು ಗಳಿಗೆ, ನಮ್ಮದೇ ಯಾಕಾಗಬೇಕು ಎಂದು ಮತ್ತೊಂದು ಗಳಿಗೆ. ಮಾತು ಮಾತಿಗೆ ಹೊಟ್ಟೆ ಮುಟ್ಟಿಕೊಳ್ಳುತ್ತೇನೆ. ಒಳಗೆ ಹೊಲಿಗೆ ಮುಗಿದಿದೆಯೋ, ಇನ್ನೂ ನಡೆದಿದೆಯೋ, ಯಾವ ಎಳೆಯಲ್ಲಿ ತಪ್ಪು ಉಳಿದಿದೆಯೋ, ಕೇಳಿದರೆ ಹೇಳುವವರು ಯಾರೂ ಇಲ್ಲ.

ಒಂದು ಮಾತು ಅಮೃತಣ್ಣನನ್ನು ಕೇಳು. ಕಡಿದಿದೆ ಎಂದು ಜೀವಕೋಶಕ್ಕೆ ಹೇಳುವವರು ಯಾರು? ನನಗಂತೂ ಸೀರೆ ಎಲ್ಲಿ ಹರಿದಿದೆ ಎಂದು ಬೇರೆಯವರೇ ತೋರಿಸಬೇಕು.

ನಾನು ಹುಮನಾಬಾದಿಗೆ ಬರುವುದಿಲ್ಲ. ತೆಗೆಸುವುದೂ ಇಲ್ಲ. ಹಿಂದಿನ ಎರಡೂ ನನ್ನನ್ನು ಕೇಳದೆ ಹೋದವು. ಇದು ಅಷ್ಟು ಪೆಟ್ಟು ತಿಂದೂ ಹೋಗಿಲ್ಲ. ಇದನ್ನು ನಾನಾಗಿಯೇ ಕಳಿಸಲಾರೆ. ಮನೆಯವರಿಗೆ ಹೇಳಬೇಡ. ಹೇಳಿದರೆ ನಾಳೆ ಮಗು ಒಂದು ಸಲ ಕೆಮ್ಮಿದರೂ ನಿನ್ನ ಹೆಸರು ಬರುತ್ತದೆ.

ಸೂಗಮ್ಮ


ಹುಮನಾಬಾದ್
೨೦-೫-೧೯೮೦

ಅಮೃತ,

ಹೆಣ್ಣುಮಗು. ಹೋದ ಸೋಮವಾರ ಕಲ್ಯಾಣಕ್ಕೆ ಹೋಗಿ ನೋಡಿ ಬಂದೆ. ನಮ್ಮ ಅವ್ವನ ಹೆಸರೇ ಇಡುತ್ತಾರಂತೆ, ಮೀರಾಬಾಯಿ.

ಬೀಗತಿ ಮಗುವನ್ನು ನನ್ನ ತೊಡೆಯ ಮೇಲೆ ಹಾಕಿದರು. ಸೋದರಮಾವ ಮೊದಲು ಕಿವಿಗೆ ಬಂಗಾರ ಮುಟ್ಟಿಸಬೇಕು. ನಾನು ಅರಿವೆ ಬಿಚ್ಚಿ ಬೆರಳು ಎಣಿಸಿದೆ. ಕೈಯವು ಹತ್ತು, ಕಾಲಿನವು ಹತ್ತು. ಮತ್ತೊಮ್ಮೆ ಎಣಿಸಿದೆ. ತಲೆ ನೋಡಿದೆ, ಅಂಗುಳು ನೋಡಿದೆ, ಬೆನ್ನು ತಿರುವಿ ನೋಡಿದೆ. "ಏನ್ ಬಕ್ಕಪ್ಪನೋರ, ಸಂತ್ಯಾಗ ಹೋರಿ ಕೊಳ್ಳಾಕ ಬಂದಂಗ ನೋಡಾಕತ್ತೀರಿ?" ಎಂದು ಬೀಗತಿ ನಕ್ಕರು. ಸೂಗಮ್ಮ ನಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ಆಡಿಸಿದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು.

ಹತ್ತು ವರ್ಷ ಎಂದು ಬರೆದಿದ್ದೀಯಲ್ಲ, ಅದು ಇಂದಿನಿಂದ ಶುರು. ಬಿಲ್ಲೆ ಹಾಕಿಕೊಂಡಿದ್ದೇನೆ. ಊರಿಗೆ ಬಂದಾಗ ನಮ್ಮ ಮನೆಗೆ ಬಾ. ಒಳಗೆ, ನನ್ನ ಪಕ್ಕದಲ್ಲಿ ಎಲೆ ಹಾಕುತ್ತೇನೆ. ಈ ಮಾತನ್ನು ಹೇಳಲು ಏಳು ವರ್ಷ ಹಿಡಿಯಿತು, ನಾಚಿಕೆಯಿದೆ.

ಬಕ್ಕಪ್ಪ


ಬಸವಕಲ್ಯಾಣ
೧೪-೯-೧೯೮೬

ಅಣ್ಣಾ,

ಈಗ ಕಾಗದ ಓದಿಸಿಕೊಳ್ಳಲು ಅತ್ತೆಯವರಿಲ್ಲ. ಇವರೂ ಓದುವುದು ಬಿಟ್ಟು ಬಹಳ ದಿನವಾಯಿತು. ಆದ್ದರಿಂದ ಅಂಚೆಯಲ್ಲೇ ಹಾಕುತ್ತಿದ್ದೇನೆ.

ಹೋದ ತಿಂಗಳು ಮೀರಾಗೆ ಜ್ವರ ಬಂತು. ನಾಲ್ಕನೇ ದಿನ ಶಾಲೆಯ ಅಂಗಿಯ ಮೇಲೆ ಮೂಗಿನಿಂದ ರಕ್ತ ಬಿತ್ತು. ಇವರು ಬಿಸಿಲಿಗೆ ಎಂದರು. ನಾನು ಅವಳನ್ನು ಎತ್ತಿಕೊಂಡು ಗುಲಬರ್ಗಾ ಬಸ್ಸು ಹತ್ತಿದೆ. ಆರು ವರ್ಷದ ಹುಡುಗಿ, ಉದ್ದ ಕಾಲು, ಎತ್ತಿಕೊಂಡರೆ ನನ್ನ ಮೊಣಕಾಲಿಗೆ ಬಡಿಯುತ್ತವೆ. ರಕ್ತ ತೆಗೆದುಕೊಂಡರು, ಮೂರು ದಿನ ಬಿಟ್ಟು ಬಾ ಎಂದರು. ಬೇಕೆಂದೇ ನಿನಗೆ ಹೇಳಲಿಲ್ಲ. ಧರ್ಮಶಾಲೆಯಲ್ಲಿ ಮೂರು ದಿನ ಅವಳ ಕೈ ಹಿಡಿದು ಕೂತೆ. ಟೈಫಾಯ್ಡು, ಬೇರೇನೂ ಇಲ್ಲ ಎಂದರು. ಟೈಫಾಯ್ಡು ಎಂದು ಕೇಳಿ ಪೇಢೆ ಹಂಚಿದ ತಾಯಿ ಗುಲಬರ್ಗಾದಲ್ಲಿ ನಾನೊಬ್ಬಳೇ ಇರಬೇಕು. ಈಗ ಎದ್ದು ಓಡಾಡುತ್ತಿದ್ದಾಳೆ, ನಿನ್ನ ಮೆಂತ್ಯದುಂಡೆ ಕಹಿ ಎಂದು ಬೆಕ್ಕಿಗೆ ಹಾಕುತ್ತಾಳೆ.

ಆ ಮೂರು ದಿನದಲ್ಲಿ ಒಂದು ನಿಶ್ಚಯ ಮಾಡಿದೆ. ಮಗು ಉಳಿದರೆ ಅಣ್ಣನಿಗೆ ನಿಜ ಹೇಳಬೇಕು ಎಂದು.

ಆ ದಿನ ನನಗೆ ಗೊತ್ತಿತ್ತು. ಎರಡು ತಿಂಗಳಾಗಿದೆ ಎಂದು ನಾನು ಬೆರಳು ಮಡಿಚಿ ಎಣಿಸಿದ್ದೆ. ಬಿದ್ದ ಮೇಲೂ ನಿಂತಿದೆಯೋ ಹೋಯಿತೋ ಎಂಬ ಹೆದರಿಕೆಯಲ್ಲೇ ಬಂದಿದ್ದೆ. ಅತ್ತೆಯವರು ಬೆಂಚಿನ ಮೇಲಿದ್ದರು. ಬಾಯಿಬಿಟ್ಟರೆ, ಬಸಿರಿದ್ದು ಮಾಳಿಗೆ ಯಾಕೆ ಹತ್ತಿದೆ, ಮೂರನೆಯದನ್ನೂ ನುಂಗಿಕೊಂಡೆ ಎನ್ನುತ್ತಿದ್ದರು. ಅಣ್ಣನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ನೀನು ಕೇಳಿದ್ದರೂ "ಇಲ್ಲ" ಎಂದೇ ಹೇಳುತ್ತಿದ್ದೆ. ಕೇಳಲಿಲ್ಲವೆಂದು ನೀನು ಏಳು ವರ್ಷ ನಿನ್ನನ್ನೇ ತಿಂದುಕೊಂಡೆ. ನಾನು ನೋಡುತ್ತ ಕೂತೆ. ತಪ್ಪು ನಿನ್ನದೇ ಎಂದು ಇರಲಿ ಬಿಡು, ನನ್ನ ಪಾಲಿನ ಭಾರವಾದರೂ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ.

ಆ ಕೆಟ್ಟ ಫಿಲ್ಮು ಪೆಟ್ಟಿಗೆಯಲ್ಲಿ ಇನ್ನೂ ಇದ್ದರೆ ತೆಗೆದು ನೋಡು. ಕೈ ತಾನಾಗಿ ಅಡ್ಡ ಬಂದದ್ದಲ್ಲ. ನಾನು ಇಟ್ಟದ್ದು. ಕೈ ಇಟ್ಟರೆ ಕೂಸಿಗೆ ತಾಕುವುದಿಲ್ಲ ಎಂದುಕೊಂಡಿದ್ದೆ. ನೀನು ಒಳಗಿಂದ ಒದ್ದೆ ಫಿಲ್ಮು ಹಿಡಿದುಕೊಂಡು ಬಂದು, "ಕೈ ತೆಗಿ ಸೂಗಾ, ಪೋಟೋ ಕೆಡ್ತದ" ಎಂದೆ. ತೆಗೆದೆ.

ನಿನ್ನ ತಂಗಿ,
ಸೂಗಮ್ಮ


ಹುಮನಾಬಾದ್
೧೯-೯-೧೯೮೬

ಸೂಗಾ,

ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಸೊಂಟದ ಎಲುಬಿನ ಮೇಲೆ ನಿನ್ನ ಅಂಗೈ. ಐದು ಬೆರಳೂ ಒಂದಕ್ಕೊಂದು ಒತ್ತಿಕೊಂಡಿವೆ, ಸಂದು ಬಿಟ್ಟಿಲ್ಲ. ಮಣಿಕಟ್ಟಿನಲ್ಲಿ ಬಳೆಯ ಗುರುತಿದೆ. ಸುಮ್ಮನೆ ಮಲಗಿದವರ ಕೈ ಹಾಗೆ ಬೀಳುವುದಿಲ್ಲ. ಹದಿನಾರು ವರ್ಷದಿಂದ ಎಲುಬು ನೋಡಿ ಅನ್ನ ತಿನ್ನುವವನು ನಾನು. ಅದರ ಮೇಲೆ ನನ್ನ ಕೈಯಿಂದಲೇ "ಕೆಟ್ಟಿದೆ" ಎಂದು ಚೀಟಿ ಅಂಟಿಸಿದ್ದೆ. ಚೀಟಿ ಕಿತ್ತು ಹಾಕಿದೆ.

ಈಗ ಇಲ್ಲಿ ಹೆಂಗಸರನ್ನು ಕೇಳುವುದು ನಾನಲ್ಲ, ವಜೀರಬಿ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ಪರದೆಯ ಹಿಂದೆ ಕಿವಿಯಲ್ಲಿ ಕೇಳುತ್ತಾಳೆ. ಮೊನ್ನೆ ಮುಡಬಿಯಿಂದ ಒಬ್ಬಳು ಬಂದಿದ್ದಳು. ಕೇಳಿದ್ದಕ್ಕೆ ಇಲ್ಲ ಎಂದಳಂತೆ. ನಾನು ಗುಂಡಿ ಒತ್ತಿದೆ. ಇಂದು ನಿನ್ನ ಕಾಗದ ಓದಿದಾಗಿನಿಂದ ಅವಳು ಕೈಯನ್ನು ಎಲ್ಲಿಟ್ಟುಕೊಂಡಿದ್ದಳು ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ. ನೆನಪಾಗುತ್ತಿಲ್ಲ.

ನಾಳೆ ಮೊದಲ ಬಸ್ಸಿಗೆ ಮುಡಬಿಗೆ ಹೋಗುತ್ತೇನೆ.

ಅಣ್ಣ,
ಬಕ್ಕಪ್ಪ